ಸಂಬಳದ ಲೆಕ್ಕ ಅಲ್ಲಿ, ಕೆಲಸ ಇಲ್ಲಿ!



ನಿಮ್ಮ ತಾಲ್ಲೂಕು ಕಚೇರಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ: ಹುದ್ದೆಗಳೆಷ್ಟು, ಕುಳಿತವರೆಷ್ಟು? ಕಡತದಲ್ಲಿ ಹುದ್ದೆ ಭರ್ತಿ, ಎದುರಿಗೆ ಕುರ್ಚಿ ಖಾಲಿ! ಗುಮಾಸ್ತರೆಲ್ಲಿ ಸ್ವಾಮಿ ಎಂದರೆ, ‘ನಿಯೋಜನೆ ಮೇಲೆ ಬೆಂಗಳೂರಿನಲ್ಲಿದ್ದಾರೆ’ ಎಂಬ ಉತ್ತರ!

ಏನಿದು ನಿಯೋಜನೆ? ಹುದ್ದೆ ನಿಮ್ಮೂರಿನದು, ಸಂಬಳ ಆ ಹುದ್ದೆಯ ಲೆಕ್ಕದಲ್ಲೇ. ಆಸಾಮಿ ಮಾತ್ರ ಬೇರೆಡೆ. ಹುದ್ದೆ ಖಾಲಿಯೆಂದು ಲೆಕ್ಕಕ್ಕೆ ಬಾರದ ಕಾರಣ ಬದಲಿಯೂ ಬರುವುದಿಲ್ಲ.

ಊರು ಬದಲಿಸಬೇಕೆನ್ನುವ ನೌಕರನನ್ನು ನಾವು ದೂರುವುದಿಲ್ಲ. ಗಂಡ ಒಂದೂರು, ಹೆಂಡತಿ ಒಂದೂರು, ಹಾಸಿಗೆ ಹಿಡಿದ ತಾಯಿ ಮತ್ತೊಂದೂರು. ಕಷ್ಟ ಯಾರಿಗಿಲ್ಲ? ಆದರೆ ನಿಯಮದ ನ್ಯಾಯ ನೋಡಿ! ಸ್ವಂತ ಕೋರಿಕೆಯ ಮೇಲೆ ಬೇರೆ ಜ್ಯೇಷ್ಠತಾ ಘಟಕಕ್ಕೆ ವರ್ಗವಾದವನು ಹಳೆಯ ಜ್ಯೇಷ್ಠತೆ ಕಳೆದುಕೊಂಡು ಪಟ್ಟಿಯ ಕೊನೆಗೆ ಬೀಳುತ್ತಾನೆ. ನಿಯೋಜನೆ ಗಿಟ್ಟಿಸಿದವನಿಗೆ ಜ್ಯೇಷ್ಠತೆಯೂ ಭದ್ರ, ರಾಜಧಾನಿಯ ವಾಸವೂ ಭದ್ರ! ರಾಜಮಾರ್ಗದಲ್ಲಿ ಬಂದವನಿಗೆ ದಂಡ, ಹಿತ್ತಿಲ ಬಾಗಿಲಿನವನಿಗೆ ಬಹುಮಾನ!

ಇದರ ಪೆಟ್ಟು ಯಾರಿಗೆ? 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ 21 ಇಂದಿನ ಕಲ್ಯಾಣ ಕರ್ನಾಟಕದವು. ಹೋರಾಡಿ ಪಡೆದ 371ಜೆ ವಿಧಿಯನ್ವಯ 2013ರಲ್ಲಿ ಅಲ್ಲಿನ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಬಂತು: ‘ಎ’, ‘ಬಿ’ ವೃಂದದಲ್ಲಿ ಶೇ. 75, ‘ಸಿ’ ವೃಂದದಲ್ಲಿ ಶೇ. 80, ‘ಡಿ’ ವೃಂದದಲ್ಲಿ ಶೇ. 85. ಮೀಸಲಾತಿ ಕುರ್ಚಿಗೆ ಜನ ಕೊಡುತ್ತದೆ, ನಿಯೋಜನೆ ಅದೇ ಕುರ್ಚಿಯನ್ನು ಬರಿದು ಮಾಡುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ!

ಶಿಕ್ಷಕರಿಲ್ಲದ ಕನ್ನಡ ಶಾಲೆಗೆ ಮಕ್ಕಳನ್ನು ಯಾರು ಕಳಿಸುತ್ತಾರೆ? ಅರ್ಜಿ ತೆಗೆದುಕೊಳ್ಳುವವರೇ ಇಲ್ಲದ ಕಚೇರಿಯಲ್ಲಿ ಆಡಳಿತ ಭಾಷೆ ಕನ್ನಡವೆಂಬ ಫಲಕ ಏಕೆ? ಗೋಡೆಯ ಅಲಂಕಾರಕ್ಕೇ?

ನಮ್ಮ ಬೇಡಿಕೆ ಮೂರೇ. ಬದಲಿ ನೌಕರ ಬರುವವರೆಗೆ ಯಾರನ್ನೂ ಬಿಡುಗಡೆ ಮಾಡಕೂಡದು. ಅವಧಿ ಮೀರಿದ ನಿಯೋಜನೆಗಳನ್ನು ರದ್ದುಪಡಿಸಿ ನೌಕರರನ್ನು ಮೂಲ ಸ್ಥಾನಕ್ಕೆ ಕಳಿಸಬೇಕು. ಹಿಂದುಳಿದ ತಾಲ್ಲೂಕಿಗೆ ತಾನಾಗಿ ಹೋಗುವೆನೆಂದು ಮುಂದೆ ಬಂದವರ ಜ್ಯೇಷ್ಠತೆ ಉಳಿಸಿ, ವಸತಿ ಕೊಡಬೇಕು. ಸ್ವಇಚ್ಛೆ ಎಂಬುದು ಬೆಂಗಳೂರಿನ ಕಡೆಗೇ ಹರಿಯುವ ಹೊಳೆಯಾಗಬಾರದು!

ಓದಿ ಸುಮ್ಮನೆ ಕೂರಬೇಡಿ. 2005ರ ಮಾಹಿತಿ ಹಕ್ಕು ಕಾಯ್ದೆ ನಿಮ್ಮ ಕೈಯಲ್ಲಿದೆ. ಹತ್ತು ರೂಪಾಯಿ ಶುಲ್ಕ, ಕನ್ನಡದಲ್ಲೇ ಒಂದು ಅರ್ಜಿ: ‘ಈ ಕಚೇರಿಯಿಂದ ನಿಯೋಜನೆ ಮೇಲೆ ಹೋದವರು ಯಾರು, ಎಲ್ಲಿಗೆ, ಎಂದಿನಿಂದ?’ 30 ದಿನದಲ್ಲಿ ಉತ್ತರ ಕೊಡಲೇಬೇಕು.

ಆ ಪಟ್ಟಿಯನ್ನು ಊರ ಕಟ್ಟೆಯ ಮೇಲೆ ಓದಿ ಹೇಳಿ. ಖಾಲಿ ಕುರ್ಚಿ ನಿಮ್ಮದು, ಕೇಳುವ ಹಕ್ಕೂ ನಿಮ್ಮದೇ!