ನಮ್ಮ ತೊಗಲೂ ಲೆಕ್ಕಕ್ಕೆ ಬರಲಿ

ಯಂತ್ರಕ್ಕೆ ಜಾತಿಯಿಲ್ಲ, ಬಣ್ಣವಿಲ್ಲ ಎಂದು ಓದಿದವರು ನಮಗೆ ಪಾಠ ಹೇಳುತ್ತಾರೆ. ಮನುಷ್ಯ ಸುಳ್ಳು ಹೇಳಬಹುದು, ಮಿಷೀನು ಹೇಳೋದಿಲ್ಲ ಅಂತಾರೆ. ಆದರೆ ಆ ಮಿಷೀನಿಗೆ ಲೆಕ್ಕ ಕಲಿಸಿದವರು ಯಾರು? ಯಾರ ಮೈಮೇಲೆ ಕಲಿಸಿದರು? ಇದು ನಮ್ಮ ಪ್ರಶ್ನೆ.

2020ರ ಮಾರ್ಚ್ ಕೊನೆಗೆ ನಂಜನಗೂಡಿನ ಔಷಧ ಕಾರ್ಖಾನೆಯ ಕಾರ್ಮಿಕರಲ್ಲಿ ಕೊರೋನಾ ಕಾಣಿಸಿಕೊಂಡಿತು. ಆಮೇಲೆ ನಂಜನಗೂಡು, ತಿ. ನರಸೀಪುರದ ಕೇರಿಗಳಿಗೂ ಬೆರಳಿಗೆ ಕಚ್ಚಿಸುವ ಆಕ್ಸಿಮೀಟರ್ ಬಂತು. ಆಶಾ ಅಕ್ಕಂದಿರು ಮನೆ ಮನೆಗೆ ಹೊತ್ತು ತಂದರು. ಅಂಕಿ 94ರ ಕೆಳಗಿಳಿದರೆ ಆಸ್ಪತ್ರೆಗೆ ಓಡಿ ಅಂದರು. ಹಾಸಿಗೆ ಸಿಗೋದೂ ಬಿಡೋದೂ ಆ ಅಂಕಿಯ ಕೈಗೆ ಹೋಯಿತು.

ಅದು ಕೆಲಸ ಮಾಡುವ ಬಗೆ ಇಷ್ಟೆ. ಎದೆ ಬಡಿದಾಗಲೆಲ್ಲ ಬೆರಳ ತುದಿಯಲ್ಲಿ ರಕ್ತ ಉಕ್ಕಿ ಇಳಿಯುತ್ತದೆ. ಕ್ಲಿಪ್ಪು ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನೂ ಹಾಯಿಸುತ್ತದೆ. ಆ ಏರಿಳಿತದಲ್ಲಿ ಯಾವ ಬೆಳಕು ಎಷ್ಟು ದಾಟಿತೆಂದು ನೋಡಿ ಆಮ್ಲಜನಕದ ಲೆಕ್ಕ ಕಟ್ಟುತ್ತದೆ. 1974ರಲ್ಲಿ ಜಪಾನಿನ ಟಕುವೊ ಅಯೊಯಾಗಿ ಈ ದಾರಿ ತೋರಿಸಿದರು. ದೊಡ್ಡ ವಿದ್ಯೆ. ನಮ್ಮ ಜಗಳ ವಿದ್ಯೆಯ ಜೊತೆ ಅಲ್ಲ.

ಬೆಳಕು ದಾಟಬೇಕಾದ್ದು ತೊಗಲನ್ನು. ತೊಗಲಿನ ಕಪ್ಪು ಬೆಳಕನ್ನು ಹೀರುತ್ತದೆ. ಹೆಚ್ಚಾಗಿ ಬಿಳಿ ಮೈಗಳ ಮೇಲೆ ತಿದ್ದಿದ ಲೆಕ್ಕ, ಕಪ್ಪು ಮೈಯಲ್ಲಿ ಎಷ್ಟೋ ಸಲ ಆಮ್ಲಜನಕ ಇರುವುದಕ್ಕಿಂತ ಹೆಚ್ಚಿದೆ ಎನ್ನುತ್ತದೆ. ಅಮೆರಿಕದ ವೈದ್ಯರು ಇದನ್ನು 1990ರಲ್ಲೇ ಬರೆದಿಟ್ಟಿದ್ದರು. 2020ರ ಡಿಸೆಂಬರಿನಲ್ಲಿ ಮಿಷಿಗನ್ನಿನ ವೈದ್ಯರು ಮತ್ತೆ ತೋರಿಸಿದರು: ಮಿಷೀನು 92ರಿಂದ 96 ಎನ್ನುವಾಗ, ರಕ್ತ ತೆಗೆದು ನೋಡಿದರೆ 88ಕ್ಕಿಂತ ಕೆಳಗಿದ್ದವರು ಬಿಳಿಯರಲ್ಲಿ ಶೇ. 3.6, ಕರಿಯರಲ್ಲಿ ಶೇ. 11.7. ಮೂವತ್ತು ವರ್ಷ ಇದು ಕಂಪನಿಗಳ ನಿದ್ದೆ ಕೆಡಿಸಲಿಲ್ಲ. ಅಮೆರಿಕ ಸರ್ಕಾರದ 2013ರ ಸೂಚನೆಯಂತೆ ಹತ್ತು ಜನರ ಮೇಲೆ ಪರೀಕ್ಷೆ ಮಾಡಿ, ಅದರಲ್ಲಿ ಇಬ್ಬರು ಕಪ್ಪಗಿದ್ದರೆ ಸಾಕಿತ್ತು. 150 ಜನ ಇರಲಿ, ಎಲ್ಲ ಬಣ್ಣದವರೂ ಇರಲಿ ಎಂಬ ಕರಡು ಬಂದದ್ದು 2025ರ ಜನವರಿಯಲ್ಲಿ!

ಕಪ್ಪು ಒಂದು ಜಾತಿಯ ಸ್ವತ್ತಲ್ಲ, ನಮಗೆ ಗೊತ್ತು. ಆದರೆ ಕಪಿಲೆ ಕಾವೇರಿ ಕೂಡುವ ಬಯಲಲ್ಲಿ ಬಿಸಿಲು ಹೊದ್ದು ನಾಟಿ ಹಾಕೋರು, ಕಬ್ಬು ಕಡಿಯೋರು ಯಾರು? ಬಿಡಿಸಿ ಹೇಳಬೇಕೇ?

ಇನ್ನೊಂದು ಮಾತು. ಆ ಅಂಕಿ ಬರೀ ಶೇಕಡಾ. ಮೈಯಲ್ಲಿ ರಕ್ತ ಎಷ್ಟಿದೆ ಎಂದು ಅದು ಹೇಳೋದಿಲ್ಲ. ಹತ್ತು ಗಾಡಿ ಬರಬೇಕಾದ ಕಡೆ ಐದೇ ಬಂದರೂ, ಬಂದ ಐದೂ ತುಂಬಿದ್ದರೆ 98 ಅನ್ನುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಹಸಿದ ತಾಯಿಗೂ 98, ಉಂಡ ಧಣಿಗೂ 98. ಎಂಥ ಸಮಾನತೆ!

ನಾವು ಭಿಕ್ಷೆ ಕೇಳುತ್ತಿಲ್ಲ. ಸರ್ಕಾರ ಕೊಳ್ಳುವ ಮಿಷೀನು ಈ ನಾಡಿನ ಎಲ್ಲ ಬಣ್ಣದ ಮೈಮೇಲೂ ಪರೀಕ್ಷೆಯಾಗಲಿ. ಫಲಿತಾಂಶ ಪೆಟ್ಟಿಗೆಯ ಮೇಲೆ ಕನ್ನಡದಲ್ಲಿ ಅಚ್ಚಾಗಲಿ. ಏದುಸಿರು ಬಿಡುವವಳನ್ನು '95 ಐತೆ, ಹೋಗಮ್ಮ' ಎಂದು ಯಾರೂ ತಿರುಗಿಸಿ ಕಳಿಸಕೂಡದು.

ಹಳ್ಳಿಯ ಮೇಷ್ಟ್ರುಗಳೇ, ಹಾಸ್ಟೆಲ್ಲಿನ ತಮ್ಮ ತಂಗಿಯರೇ, ಇದನ್ನು ಕೇರಿಯಲ್ಲಿ ಓದಿ ಹೇಳಿ. ಅಂಕಿ ನೋಡಿ, ಆದರೆ ಅದಕ್ಕೆ ಕೈ ಮುಗಿಯಬೇಡಿ. ಉಸಿರು ಕಟ್ಟುತ್ತಿದೆ ಎಂದು ಮನುಷ್ಯ ಹೇಳಿದರೆ ಅದೇ ಮೊದಲ ಸಾಕ್ಷಿ.