ಬೆಟ್ಟಕ್ಕೆ ಹೋದವರು ಕೊಟ್ಟ ಪಾಲು

ಉಣಕಲ್ ಕೆರೆಯ ದಂಡೆಯ ಮೇಲೆ ಬೆಳಗಿನ ಹೊತ್ತು ತಿರುಗಾಡುವವರ ಬಾಯಲ್ಲಿ ಇತ್ತೀಚೆಗೆ ಒಂದು ಮಾತು ಪದೇ ಪದೇ ಬರುತ್ತಿದೆ. “ಸರ, ರಿಟೈರ್ ಆದಮ್ಯಾಲೆ ಕೋಟಗಿರಿ ಕಡೆ ಒಂದು ಮನಿ ತೊಗೊಂಡು ಇದ್ದಬಿಡೂದ ಛಲೋ ನೋಡ್ರಿ. ತಂಪ ಹವಾ, ಗದ್ದಲಿಲ್ಲ, ಧೂಳಿಲ್ಲ.” ಒಬ್ಬರು ವಯನಾಡಿನ ಜಾಗದ ದರ ಹೇಳುತ್ತಾರೆ, ಇನ್ನೊಬ್ಬರ ಮಗ ಹಿಮಾಚಲದಲ್ಲಿ ನೋಡಿ ಬಂದಿರುತ್ತಾನೆ. ಎರೆ ಹೊಲದ ಸೀಮೆಯಲ್ಲಿ ಹುಟ್ಟಿ, ಶಿವರಾತ್ರಿ ದಾಟಿತೆಂದರೆ ಬಿಸಿಲಿಗೆ ಅಂಜುವ ನಮಗೆ ಈ ಆಸೆ ಸಹಜವೇ. ಅದನ್ನು ನಾನು ಹಳಿಯಲಾರೆ. ಆದರೆ ಪರರ ಗುಡ್ಡಕ್ಕೆ ಹೋಗಿ ನೆಲೆಸುವುದು ಹೇಗೆ ಎಂಬುದನ್ನು ಕನ್ನಡದ ಸೀಮೆಯಿಂದಲೇ ಹೋದ ಒಂದು ಜನ ನಾಲ್ಕು ಶತಮಾನ ಬಾಳಿ ತೋರಿಸಿದೆ. ಅವರನ್ನು ನಾವು ಮರೆತೇಬಿಟ್ಟಿದ್ದೇವೆ.

ನೀಲಗಿರಿಯ ಬಡಗರ ಮಾತು ಹೇಳುತ್ತಿದ್ದೇನೆ. 1565ರಲ್ಲಿ ವಿಜಯನಗರ ಕುಸಿದ ಮೇಲೆ ಮೈಸೂರು ಸೀಮೆಯಲ್ಲಿ ನೆಲೆ ತಪ್ಪಿದ ಒಕ್ಕಲು ಕುಟುಂಬಗಳು ಗುಂಪು ಗುಂಪಾಗಿ ಬೆಟ್ಟ ಹತ್ತಿದವೆಂದು ಅವರ ಹಿರಿಯರು ಹೇಳುತ್ತ ಬಂದಿದ್ದಾರೆ. 1603ರಲ್ಲಿ ಮಲಬಾರಿನಿಂದ ಮೇಲೇರಿದ ಜೆಸ್ಯುಯಿಟ್ ಪಾದ್ರಿ ಫೆನಿಚಿಯೊ ಅಲ್ಲಿ ಆಗಲೇ ಬಡಗರ ಹಳ್ಳಿಗಳನ್ನು ಕಂಡಿದ್ದ. ಅವರಲ್ಲಿ ಗೌಡರಿದ್ದಾರೆ, ಲಿಂಗ ಕಟ್ಟುವ ಒಡೆಯರಿದ್ದಾರೆ. ಹಳ್ಳಿಗೆ ಹಟ್ಟಿ ಎನ್ನುತ್ತಾರೆ. ಇಳಿಜಾರಿನಲ್ಲಿ ಸಾಲಾಗಿ, ಗೋಡೆಗೆ ಗೋಡೆ ಅಂಟಿಕೊಂಡು ನಿಂತ ಮನೆಗಳು, ಮುಂದೆ ಸಮ ಮಾಡಿದ ಉದ್ದನೆಯ ಅಂಗಳ, ಒಳಗೆ ಹಾಲಿಗೆಂದೇ ಮಡಿಯಲ್ಲಿ ಇಟ್ಟ ಒಂದು ಕೋಣೆ. ಚಳಿಗಾಲದಲ್ಲಿ ಬೇರಗಣಿಯಲ್ಲಿ ನಡೆಯುವ ಹೆತ್ತೆ ಹಬ್ಬಕ್ಕೆ ಸಾವಿರಾರು ಜನ ಬಿಳಿ ಬಟ್ಟೆ ಉಟ್ಟು ಬರುತ್ತಾರೆ. ಆ ಜಿಲ್ಲೆಯ ಅತಿ ಎತ್ತರದ, 2,637 ಮೀಟರಿನ ಶಿಖರಕ್ಕೆ ದೊಡ್ಡಬೆಟ್ಟ ಎಂದೇ ಹೆಸರು.

ನನಗೆ ಮುಖ್ಯವೆನಿಸುವುದು ಅವರು ಅಲ್ಲಿ ಕಾಲೂರಿದ ರೀತಿ. ಬೆಟ್ಟ ಬರಿದಾಗಿರಲಿಲ್ಲ. ಎಮ್ಮೆ ಸಾಕುವ ತೋಡರು, ಕುಲುಮೆ ಮತ್ತು ಮಡಕೆಯ ಕೆಲಸ ಬಲ್ಲ ಕೋತರು, ಕಾಡಿನೊಳಗಿನ ಕುರುಂಬರು ಮೊದಲೇ ಇದ್ದರು. ಬಡಗರು ಕಾಡು ಕಡಿದು ರಾಗಿ, ಸಾಮೆ ಬೆಳೆದರು. ಬೆಳೆದದ್ದರಲ್ಲಿ ವರ್ಷ ವರ್ಷವೂ ತೋಡರಿಗೆ ಧಾನ್ಯದ ಪಾಲು ಕೊಟ್ಟರು. ಕೋತರಿಂದ ಕುಡುಗೋಲು, ಮಡಕೆ ಬಂದವು, ಸಾವಿನ ಮನೆಗೆ ಅವರದೇ ವಾದ್ಯ ಬಂತು. ಕುರುಂಬರಿಂದ ಜೇನು, ಬುಟ್ಟಿ ಬಂದವು. ಒಂದೊಂದು ಬಡಗ ಮನೆತನಕ್ಕೂ ತನ್ನದೇ ಕೋತ, ತನ್ನದೇ ತೋಡ ಇರುತ್ತಿದ್ದ, ಆ ನಂಟು ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ನಮ್ಮ ಕಡೆ ಸುಗ್ಗಿಯಲ್ಲಿ ಕಣದ ಮೇಲೆಯೇ ಬಡಿಗ್ಯಾರಗ, ಕಂಬಾರಗ ಆಯ ಅಳೆದು ಕೊಡುತ್ತಿದ್ದರಲ್ಲ, ಹಾಗೆ. ಎಲ್ಲವೂ ಸುಖವಾಗಿತ್ತು ಎನ್ನುವಂತಿಲ್ಲ. ಮಾಟ ಮಾಡಿದರೆಂಬ ಗುಮಾನಿಯಿಂದ ಕುರುಂಬರನ್ನು ಕೊಂದ ಕರಾಳ ಪ್ರಸಂಗಗಳು 19ನೇ ಶತಮಾನದ ದಾಖಲೆಗಳಲ್ಲಿವೆ. ಅಷ್ಟಾದರೂ, ಮೊದಲಿದ್ದವರಿಗೆ ಪ್ರತಿ ಸುಗ್ಗಿಗೂ ಪಾಲು ಸಲ್ಲಬೇಕು ಎಂಬ ಕಟ್ಟಳೆ ಶತಮಾನಗಳ ಕಾಲ ಉಳಿದು ಬಂತು.

1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಆ ಬೆಟ್ಟ ಹತ್ತಿದ. ತೋಡರ ನೆಲವನ್ನು ದುಡ್ಡು ಕೊಟ್ಟು ಕೊಂಡು ಊಟಿಯಲ್ಲಿ ಕಲ್ಲಿನ ಮನೆ ಕಟ್ಟಿಸಿದ. ಒಂದು ಸಲ ದುಡ್ಡು ಕೊಟ್ಟರೆ ಮುಗಿಯಿತು, ಆಮೇಲೆ ಯಾರ ಋಣವೂ ಇಲ್ಲ ಎನ್ನುವ ಲೆಕ್ಕ ಬೆಟ್ಟಕ್ಕೆ ಬಂದದ್ದು ಆಗ. ಹುಲ್ಲುಗಾವಲಿದ್ದಲ್ಲಿ ಚಹಾ ಬಂತು, ನೀಲಗಿರಿ ಮರ ಬಂತು. 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದ ಬಾಸೆಲ್ ಮಿಶನ್ನಿನವರೇ 1846ರಲ್ಲಿ ಆ ಬೆಟ್ಟದ ಕೇತಿಗೆ ಹೋಗಿ ಬಡಗ ಮಕ್ಕಳಿಗೆ ಕನ್ನಡ ಕಲಿಸಿದರು. ಆದರೆ ಹಳೆಯ ಕೊಡುಕೊಳೆ ಸಡಿಲವಾಗುತ್ತ ಹೋಗಿ 1930ರ ಹೊತ್ತಿಗೆ ಹೆಚ್ಚುಕಡಿಮೆ ನಿಂತೇಹೋಯಿತು. ಇಂದು ಅದೇ ಬಡಗರು ಚಹಾದ ಸಣ್ಣ ಬೆಳೆಗಾರರಾಗಿ ಹಸಿ ಎಲೆಗೆ ತಕ್ಕ ಬೆಲೆ ಕೊಡಿರೆಂದು ಹೋರಾಡುತ್ತಿದ್ದಾರೆ.

ನಾವು ಈಗ ಹೊರಡಲು ನಿಂತಿರುವುದು ಸಲಿವನ್ನನ ದಾರಿಯಲ್ಲಿ. ವರ್ಷದಲ್ಲಿ ಎಂಟು ತಿಂಗಳು ಬೀಗ ಜಡಿದ ಮನೆ, ಇಳಿಜಾರನ್ನು ಜೆಸಿಬಿಯಿಂದ ಕಡಿದು ಮಾಡಿದ ರಸ್ತೆ, ಕೆಳಗಿನ ಹಳ್ಳಿಯ ಒರತೆಯನ್ನೇ ಬತ್ತಿಸುವ ಬೋರ್‌ವೆಲ್. ಇದಕ್ಕೆ ನೆಲೆಸುವುದು ಎನ್ನಬಹುದೆ? ಗುಡ್ಡದ ಮಣ್ಣು ನಮ್ಮ ಎರೆ ನೆಲದಂತಲ್ಲ. ಮರದ ಬೇರು ಹೋಗಿ, ಕೆಳಗಿನ ಆಸರೆ ಕಡಿದು, ಮಳೆಯ ನೀರು ಒಳಗಿಳಿದು ನಿಂತರೆ ಇಡೀ ಪದರ ಜಾರುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳನ್ನು ಕೊಚ್ಚಿಕೊಂಡು ಹೋದ ಕುಸಿತದಲ್ಲಿ ಚಾಮರಾಜನಗರ, ಮಂಡ್ಯ ಕಡೆಯಿಂದ ಹೋಗಿ ನೆಲೆಸಿದ್ದ ಕನ್ನಡದ ಕುಟುಂಬಗಳೂ ಮಣ್ಣಾದವು. ಅವರು ತಂಪು ಹುಡುಕಿ ಹೋದವರಲ್ಲ, ದುಡಿಮೆಗೆ ಹೋದವರು. ಗುಡ್ಡವನ್ನು ಕೆಡಿಸಿದವರೊಬ್ಬರು, ಅದರ ಕೆಳಗೆ ಸಿಕ್ಕವರು ಇನ್ನೊಬ್ಬರು. ಇದು ನನ್ನನ್ನು ಬಹಳ ಕಾಡುತ್ತದೆ.

ಬಂದು ನೆಲೆಸುವವರು ಹೇಗಿರಬೇಕೆಂದು ನೋಡಲು ನಮಗೆ ನೀಲಗಿರಿಯವರೆಗೂ ಹೋಗಬೇಕಾಗಿಲ್ಲ. 1966ರಿಂದ ಮುಂಡಗೋಡದಲ್ಲಿ ಟಿಬೆಟನ್ನರಿದ್ದಾರೆ. ಹಿಮದ ನಾಡಿನಿಂದ ಬಂದವರು ನಮ್ಮ ಸೆಕೆಯಲ್ಲಿ ಗೋವಿನಜೋಳ ಬೆಳೆದರು, ಡ್ರೆಪುಂಗ್, ಗಾಂದೆನ್ ಮಠಗಳನ್ನು ಮತ್ತೆ ಕಟ್ಟಿಕೊಂಡರು, ಸುತ್ತಲಿನವರೊಡನೆ ಕನ್ನಡ ಕಲಿತು ವ್ಯವಹರಿಸಿದರು. ದುಡಿದು, ನೆರೆಯವರೊಂದಿಗೆ ಹೊಂದಿಕೊಂಡು ನೆಲೆಯಾದರು.

ಹಿಮಾಚಲ ಪ್ರದೇಶದ 1972ರ ಭೂಸುಧಾರಣಾ ಕಾಯ್ದೆಯ 118ನೇ ಕಲಂ ಪ್ರಕಾರ ಆ ರಾಜ್ಯದ ಕೃಷಿಕರಲ್ಲದವರು ಸರ್ಕಾರದ ಅನುಮತಿ ಇಲ್ಲದೆ ಅಲ್ಲಿ ಜಮೀನು ಕೊಳ್ಳುವಂತಿಲ್ಲ. ದಂಡೆಯ ಮೇಲಿನ ಗೆಳೆಯರಿಗೆ ಇದು ಅನ್ಯಾಯವೆನಿಸುತ್ತದೆ. ನನಗೆ ನ್ಯಾಯವೆನಿಸುತ್ತದೆ, ಏಕೆಂದರೆ ದೂರದ ಊರಿನ ಹಣದೆದುರು ಗುಡ್ಡದ ಸಣ್ಣ ರೈತ ಬಹಳ ಹೊತ್ತು ನಿಲ್ಲಲಾರ. ಕರ್ನಾಟಕ 2020ರಲ್ಲಿ ತನ್ನ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿ ಕೃಷಿಕರಲ್ಲದವರಿಗೂ ಹೊಲದ ಬಾಗಿಲು ತೆರೆಯಿತು. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡದ ಘಟ್ಟದ ತಾಲ್ಲೂಕುಗಳ ಮಟ್ಟಿಗಾದರೂ ಆ ತಡೆಯನ್ನು ಸರ್ಕಾರ ಮತ್ತೆ ತರಬೇಕು.

ಹೋಗಲೇಬೇಕೆಂದಿರುವವರಲ್ಲಿ ನನ್ನದೊಂದು ವಿನಂತಿ. ಮೊದಲು ಅಲ್ಲಿಯ ಮಾತು ಕಲಿಯಿರಿ. ಜೂನ್‌ನಿಂದ ನವೆಂಬರ್‌ವರೆಗೆ ಬಾಡಿಗೆಗಿದ್ದು ಮಳೆ ನೋಡಿರಿ. ಕುಡಿಯುವ ನೀರು ಯಾರ ಒರತೆಯಿಂದ ಬರುತ್ತದೆ ಎಂದು ಹಳ್ಳಿಯ ಹಿರಿಯರನ್ನೇ ಕೇಳಿರಿ. ನೀವು ಅಲ್ಲಿ ಮಾಡಬಲ್ಲ ಕೆಲಸ, ಊರಿಗೆ ಕೊಡಬಲ್ಲ ಪಾಲು ಯಾವುದೆಂದು ಗೊತ್ತಾದ ಮೇಲೆಯೇ ಖರೀದಿ ಪತ್ರಕ್ಕೆ ಸಹಿ ಹಾಕಿರಿ.