ವರದಿಯೊಂದೇ ಸಾಕೆನ್ನುವವರಿಗೆ

ಹಳೆಯ ವಿದ್ಯಾರ್ಥಿಯೊಬ್ಬ ಮಗಳನ್ನು ಕರೆದುಕೊಂಡು ಕೆಸರೆಯ ನಮ್ಮ ಮನೆಗೆ ಬಂದಿದ್ದ. ಚೆಂಡು ತಗುಲಿ ಹುಡುಗಿಯ ಕಿರುಬೆರಳಿನ ಮೂಳೆ ಮುರಿದಿತ್ತು. ಮೂಳೆಯೊಳಗೆ ಮೃದ್ವಸ್ಥಿಯ ಗಡ್ಡೆಯೊಂದು ಬೆಳೆದಿತ್ತು. ಬಯಾಪ್ಸಿ ವರದಿಯಲ್ಲಿ ಕ್ಯಾನ್ಸರಿನ ಶಂಕೆ ವ್ಯಕ್ತವಾಗಿತ್ತು. ಬೆರಳನ್ನೇ ತೆಗೆಯಬೇಕೆಂದು ಒಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ಎಕ್ಸ್-ರೇ ಎಲ್ಲಿ ಎಂದು ಕೇಳಿದೆ. "ಮನೇಲಿದೆ ಸಾರ್, ರಿಪೋರ್ಟ್ ಬಂದ ಮೇಲೆ ಅದ್ಯಾಕೆ?" ಎಂದ.

"ಅದ್ಯಾಕೆ" ಎಂಬ ಆ ಪ್ರಶ್ನೆಗೆ ಉತ್ತರವಾಗಿ ಈ ಬರಹ. ನಾನು ವೈದ್ಯನಲ್ಲ, ಜೀವಶಾಸ್ತ್ರ ಕಲಿಸಿದ ಮೇಷ್ಟ್ರು. ಆದರೂ ಈ ವಿಷಯದಲ್ಲಿ ಸುಮ್ಮನಿರಲಾರೆ.

ಸೂಕ್ಷ್ಮದರ್ಶಕ ಸುಳ್ಳು ಹೇಳುವುದಿಲ್ಲ ಎಂಬುದು ಜನರ ನಂಬಿಕೆ. ಮೃದ್ವಸ್ಥಿಯ ಗಡ್ಡೆಗಳಲ್ಲಿ ಅದು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಉಬ್ಬಿದ ಕೋಶಕೇಂದ್ರ, ಒಂದೇ ಕೋಶದಲ್ಲಿ ಎರಡು ಕೇಂದ್ರ ಇವು ಮಾರಕ ಗಡ್ಡೆಯ ಲಕ್ಷಣಗಳೆಂದು 1943ರಲ್ಲಿ ಲಿಚ್‌ಟೆನ್‌ಸ್ಟೈನ್ ಮತ್ತು ಜಾಫೆ ವಿವರಿಸಿದರು. ಆದರೆ ಕೈಬೆರಳಿನ ನಿರುಪದ್ರವಿ ಎನ್‌ಕಾಂಡ್ರೋಮಾದಲ್ಲೂ ಕೋಶಗಳು ಹೀಗೆಯೇ ಕಾಣಬಹುದು. ಅದೇ ನೋಟ ಸೊಂಟದ ಮೂಳೆಯಲ್ಲಿ ಸಿಕ್ಕರೆ ಅದನ್ನು ಕಾಂಡ್ರೋಸಾರ್ಕೋಮಾ ಎಂದೇ ಭಾವಿಸಬೇಕಾಗುತ್ತದೆ. ಗಡ್ಡೆ ಯಾವ ಮೂಳೆಯದೆಂದು ತಿಳಿಯದೆ ಅದರ ಗುಣ ಹೇಳಲಾಗದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರ್ಗೀಕರಣವೂ ಇದನ್ನೇ ಒಪ್ಪಿದೆ: ಒಂದೇ ಬಗೆಯ ಕೆಳದರ್ಜೆಯ ಗಡ್ಡೆಗೆ ಕೈಕಾಲುಗಳಲ್ಲಿ ಒಂದು ಹೆಸರು, ಸೊಂಟ-ಬೆನ್ನುಮೂಳೆಗಳಲ್ಲಿ ಇನ್ನೊಂದು.

ಉದ್ದ ಮೂಳೆಗಳ ಇಂಥ ಗಡ್ಡೆಗಳನ್ನು ನುರಿತ ತಜ್ಞರಿಗೇ ತೋರಿಸಿದಾಗ ಅವರಲ್ಲಿ ಒಮ್ಮತ ಮೂಡಲಿಲ್ಲವೆಂದು 2007ರ ಅಧ್ಯಯನವೊಂದು ತಿಳಿಸಿತು. ಜೀನ್ ಪರೀಕ್ಷೆಯಾದರೂ ತೀರ್ಪು ಕೊಡುವುದೇ? ಐಡಿಎಚ್ ಎಂಬ ಜೀನಿನ ಬದಲಾವಣೆ ಸೌಮ್ಯ ಗಡ್ಡೆಯಲ್ಲೂ ಇರುತ್ತದೆ, ಮಾರಕ ಗಡ್ಡೆಯಲ್ಲೂ ಇರುತ್ತದೆ.

ಹಾಗೆಂದು ಗಂಟನ್ನು ಕಡೆಗಣಿಸಿ ಎಂದು ನಾನು ಹೇಳುತ್ತಿಲ್ಲ. ವಯಸ್ಕರ ತೊಡೆ, ತೋಳು, ಸೊಂಟದಲ್ಲಿ ರಾತ್ರಿಯೂ ಬಿಡದ ನೋವಿದ್ದರೆ ಅದನ್ನು ವಾಯುವೆಂದು ಎಣ್ಣೆ ತಿಕ್ಕುತ್ತಾ ಕೂರಬೇಡಿ. ಗಡ್ಡೆಯು ಮೂಳೆಯ ಗೋಡೆಯನ್ನು ಒಳಗಿನಿಂದ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಕೊರೆದಿದ್ದರೆ, ಅಥವಾ ಗೋಡೆ ಒಡೆದು ಹೊರಬಂದಿದ್ದರೆ ಅದು ಅಪಾಯದ ಸೂಚನೆ. ಮೂಳೆಯ ಹೊರಗೆ ಬೆಳೆಯುವ ಆಸ್ಟಿಯೋಕಾಂಡ್ರೋಮಾ ದೇಹದ ಬೆಳವಣಿಗೆ ನಿಂತ ಮೇಲೂ ದೊಡ್ಡದಾದರೆ, ಅದರ ಮೃದ್ವಸ್ಥಿಯ ಟೊಪ್ಪಿಗೆ 2 ಸೆಂಟಿಮೀಟರಿಗಿಂತ ದಪ್ಪವಾದರೆ ಶಂಕಿಸಲೇಬೇಕು. ಈ ಸುಳಿವುಗಳಲ್ಲಿ ಒಂದೂ ಬಯಾಪ್ಸಿಯ ಚೂರಿನಲ್ಲಿ ಕಾಣದು. ನೋವನ್ನು ರೋಗಿಯೇ ಹೇಳಬೇಕು, ಉಳಿದುದನ್ನು ಎಕ್ಸ್-ರೇ, ಸಿ.ಟಿ., ಎಂ.ಆರ್.ಐ. ತೋರಿಸಬೇಕು. ಸಾಮಾನ್ಯ ಕಾಂಡ್ರೋಸಾರ್ಕೋಮಾ ಕೀಮೋಥೆರಪಿಗಾಗಲಿ ವಿಕಿರಣಕ್ಕಾಗಲಿ ಸುಲಭವಾಗಿ ಬಗ್ಗುವುದಿಲ್ಲ. ಆದ್ದರಿಂದ ಮೊದಲ ಶಸ್ತ್ರಚಿಕಿತ್ಸೆಯೇ ಸರಿಯಾಗಿರಬೇಕು.

ಬಡವರು ಎಲ್ಲೆಲ್ಲಿ ಅಲೆಯಬೇಕು ಎಂದು ನೀವು ಕೇಳಬಹುದು. ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಹೋಗಿ, ಬೆಂಗಳೂರಿನ ಕಿದ್ವಾಯಿಗೆ ಹೋಗಿ; ಆದರೆ ಬರಿ ವರದಿ ಹಿಡಿದು ಹೋಗಬೇಡಿ. ಎಕ್ಸ್-ರೇ, ಗಾಜಿನ ಸ್ಲೈಡು, ಮೇಣದ ಬ್ಲಾಕು ಎಲ್ಲವನ್ನೂ ಕೇಳಿ ಪಡೆದು ಒಯ್ಯಿರಿ. ಚಿತ್ರ ಕಳಿಸದೆ ಚೂರನ್ನು ಮಾತ್ರ ಕಳಿಸಿ, ಬಂದ ಉತ್ತರವನ್ನು ರೋಗಶಾಸ್ತ್ರಜ್ಞರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಆ ಹುಡುಗಿಯ ಸ್ಲೈಡನ್ನೂ ಎಕ್ಸ್-ರೇಯನ್ನೂ ಒಟ್ಟಿಗೆ ನೋಡಿದ ವೈದ್ಯರು ಎನ್‌ಕಾಂಡ್ರೋಮಾ ಎಂದರು. ಗಡ್ಡೆಯನ್ನು ಕೆರೆದು ತೆಗೆದರು. ಮೊನ್ನೆ ಅವಳು ಬಂದು ನನ್ನ ಮೇಜಿನ ಮೇಲೆ ಹತ್ತು ಬೆರಳನ್ನೂ ಹರಡಿ ತೋರಿಸಿ ನಕ್ಕಳು.